ವಿಮೆ ಎಷ್ಟು ಎತ್ತರದವರೆಗೆ ಬರುತ್ತದೆ?

ಪ್ರಶ್ನೆ: ಬೆನ್ನಿಗೊಂದು ಚೀಲ ಹಾಕಿಕೊಂಡು ಮೂರು ತಿಂಗಳು ನೇಪಾಳ ಸುತ್ತುವ ಆಸೆ. ಎಂಥ ಪ್ರವಾಸ ವಿಮೆ ಮಾಡಿಸಲಿ?

ಉತ್ತರ: ಚಾರಣದ ಯೋಚನೆಯಿದ್ದರೆ, ಪ್ರೀಮಿಯಂ ಎಷ್ಟೆಂದು ಕೇಳುವ ಮೊದಲು ಎಷ್ಟು ಎತ್ತರದವರೆಗೆ ರಕ್ಷಣೆ ಎಂದು ಕೇಳಿ. ಎವರೆಸ್ಟ್ ಬೇಸ್ ಕ್ಯಾಂಪ್ ಇರುವುದು 5,364 ಮೀಟರ್‌ನಲ್ಲಿ, ಅನ್ನಪೂರ್ಣ ಸುತ್ತಿನ ಚಾರಣದಲ್ಲಿ ಸಿಗುವ ಥೊರಾಂಗ್ ಲಾ ಕಣಿವೆಮಾರ್ಗ 5,416ರಲ್ಲಿ. ಅನೇಕ ಪಾಲಿಸಿಗಳು ಅದಕ್ಕಿಂತ ಬಹಳ ಕೆಳಗೇ ಕೈಬಿಡುತ್ತವೆ; ಕೆಲವು ಚಾರಣವನ್ನೇ ಸಾಹಸಕ್ರೀಡೆಯೆಂದು ಹೊರಗಿಡುತ್ತವೆ. ಎತ್ತರದಲ್ಲಿ ಶ್ವಾಸಕೋಶಕ್ಕೋ ಮೆದುಳಿಗೋ ನೀರು ತುಂಬಿಕೊಂಡರೆ ತಡಮಾಡದೆ ಕೆಳಗಿಳಿಸುವುದೇ ಮುಖ್ಯ ಮದ್ದು. ರಸ್ತೆಯಿಲ್ಲದ ಆ ಕಡೆ ಅದಕ್ಕೆ ಹೆಲಿಕಾಪ್ಟರೇ ಬೇಕಾಗಬಹುದು, ಬಿಲ್ಲು ಲಕ್ಷಗಳಲ್ಲಿ. 6,000 ಮೀಟರ್‌ವರೆಗಿನ ಚಾರಣ, ಹೆಲಿಕಾಪ್ಟರ್ ರಕ್ಷಣೆ ಎರಡೂ ಪಾಲಿಸಿಯಲ್ಲಿ ಬರೆದಿರಲಿ. ಏಜೆಂಟರ ಬಾಯಿಮಾತು ಸಾಲದು. ಬಿಪಿ, ಶುಗರ್ ಇದ್ದರೆ ದಯವಿಟ್ಟು ಮುಚ್ಚಿಡಬೇಡಿ. ಕಂಪನಿಗೆ ತಿಳಿಸದೆ ಹೆಲಿಕಾಪ್ಟರ್ ಕರೆಸಿದರೆ ಕ್ಲೇಮು ತಿರಸ್ಕಾರವಾಗಬಹುದು, ಹಾಗಾಗಿ ಸಹಾಯವಾಣಿ ನಂಬರು ನಿಮ್ಮ ಗೈಡ್ ಬಳಿಯೂ ಇರಲಿ.