ಬ್ಯಾಕಪ್ ಅರ್ಧಕ್ಕೇ ನಿಂತರೆ ಏನು ಮಾಡಬೇಕು?



ಮಗುವಿನ ನಾಮಕರಣದ ಫೋಟೋಗಳು, ಊರಲ್ಲಿ ಅಜ್ಜಿ ಹಾಡಿದ ಸೋಬಾನೆ ಪದದ ರೆಕಾರ್ಡಿಂಗ್, ಜಮೀನಿನ ಕಾಗದಪತ್ರಗಳ ಸ್ಕ್ಯಾನ್ ಪ್ರತಿ. ಇವನ್ನೆಲ್ಲ ಕಂಪ್ಯೂಟರಿನಲ್ಲಿಟ್ಟು, ಜಾಗ್ರತೆಗೆಂದು ಇನ್ನೊಂದು ಡಿಸ್ಕಿಗೆ ಬ್ಯಾಕಪ್ ತೆಗೆಯುವವರು ನಿಮ್ಮಲ್ಲಿ ಹಲವರಿದ್ದೀರಿ. ಒಂದು ದಿನ ಆ ಬ್ಯಾಕಪ್ ಅರ್ಧಕ್ಕೇ ನಿಂತು, 'ಫೈಲ್ ಕೆಟ್ಟಿದೆ, ಓದಲಾಗುತ್ತಿಲ್ಲ' ಎಂಬರ್ಥದ ಸಂದೇಶ ಬಂದರೆ?

ಮೊದಲು ಕಾರಣ ತಿಳಿಯೋಣ. ಯಾವ ಫೈಲ್ ಡಿಸ್ಕಿನ ಎಲ್ಲೆಲ್ಲಿದೆ ಎಂದು ಬರೆದಿಡುವ ಲೆಕ್ಕದ ಪುಸ್ತಕವೇ ಫೈಲ್ ಸಿಸ್ಟಂ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ, ಪೆನ್‌ಡ್ರೈವನ್ನು ಹಾಗೇ ಕಿತ್ತರೆ, ಕೇಬಲ್ ಸಡಿಲವಾದರೆ, ಡಿಸ್ಕ್ ಹಳತಾದರೆ ಈ ಲೆಕ್ಕ ತಪ್ಪುತ್ತದೆ. ವರ್ಷಗಟ್ಟಲೆ ನೀವು ತೆರೆಯದ ಫೈಲನ್ನೂ ಬ್ಯಾಕಪ್ ಓದಲು ಹೋಗುವುದರಿಂದ, ಎಂದೋ ಆದ ತಪ್ಪು ಅಂದು ಬೆಳಕಿಗೆ ಬರುತ್ತದೆ. ಹಾಗಾಗಿ ಬ್ಯಾಕಪ್ ಸಾಫ್ಟ್‌ವೇರನ್ನು ಬೈಯಬೇಡಿ. ಅದು ಸುದ್ದಿ ತಂದಿದೆ, ಅಷ್ಟೇ.

ಈಗ ಕ್ರಮವಾಗಿ ಹೀಗೆ ಮಾಡಿ.

1. ಹಳೆಯ ಬ್ಯಾಕಪ್ ಅಳಿಸಬೇಡಿ. ಮುಖ್ಯವಾದ ಫೈಲ್‌ಗಳನ್ನು ಮೊದಲು ಬೇರೊಂದು ಡಿಸ್ಕಿಗೆ ಕೈಯಿಂದಲೇ ಕಾಪಿ ಮಾಡಿಕೊಳ್ಳಿ. ರಿಪೇರಿ ಆಮೇಲೆ. ರಿಪೇರಿ ಸರಿಪಡಿಸುವುದು ಲೆಕ್ಕವನ್ನು. ಆ ಭರದಲ್ಲಿ ಕೆಲವು ಫೈಲ್‌ಗಳು ತುಂಡಾಗಬಹುದು, ಕಾಣೆಯೂ ಆಗಬಹುದು.

2. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಏನನ್ನೂ ಮಾಡದೆ ಕಂಪ್ಯೂಟರ್ ಆಫ್ ಮಾಡಿ, ಡೇಟಾ ರಿಕವರಿ ಬಲ್ಲವರಿಗೆ ತೋರಿಸಿ.

3. ತೊಂದರೆ ಯಾವ ಡಿಸ್ಕಿನಲ್ಲಿದೆ ನೋಡಿ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು 'ಸಿಸ್ಟಂ' ವಿಭಾಗಕ್ಕೆ ಹೋಗಿ. ಎನ್‌ಟಿಎಫ್‌ಎಸ್ ಹೆಸರಿನಲ್ಲಿ 55 ಎಂಬ ಸಂಖ್ಯೆಯಿದ್ದರೆ ಲೆಕ್ಕ ಕೆಟ್ಟಿದೆ ಎಂದರ್ಥ. ಡಿಸ್ಕ್ ಹೆಸರಿನಲ್ಲಿ 7 ಇದ್ದರೆ ಡಿಸ್ಕಿನಲ್ಲೇ ಕೆಟ್ಟ ಜಾಗವಿದೆ.

4. ಆ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಟೂಲ್ಸ್, ಚೆಕ್ ಒತ್ತಿ. ಸಿ ಡ್ರೈವ್ ಆದರೆ ರೀಸ್ಟಾರ್ಟ್ ಕೇಳಬಹುದು. ದೊಡ್ಡ ಡಿಸ್ಕಿಗೆ ಗಂಟೆಗಳೇ ಹಿಡಿಯಬಹುದು. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿಡಿ, ನಡುವೆ ನಿಲ್ಲಿಸಬೇಡಿ.

5. ಬ್ಯಾಕಪ್ ಮತ್ತೆ ತೆಗೆಯಿರಿ. ಕೆಲವೇ ದಿನಗಳಲ್ಲಿ ಅದೇ ತಪ್ಪು ಮರಳಿದರೆ ಕೇಬಲ್ ಬದಲಿಸಿ ನೋಡಿ. ಆಗಲೂ ಹೋಗದಿದ್ದರೆ ಆ ಡಿಸ್ಕನ್ನು ನಂಬಬೇಡಿ.

ಡಿಸ್ಕ್ ಚೆನ್ನಾಗಿದ್ದರೂ ಬ್ಯಾಕಪ್ ನಿಲ್ಲುವುದುಂಟು. ಎಫ್‌ಎಟಿ32 ಮಾದರಿಯ ಡಿಸ್ಕಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸದು. ಜಾಗ ಬೇಕಾದಷ್ಟಿದ್ದರೂ ಮದುವೆ ವಿಡಿಯೋ ಹೋಗುವುದಿಲ್ಲ! ಅದನ್ನು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬೇಕು. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿದ್ದುದೆಲ್ಲ ಅಳಿಯುತ್ತದೆ, ಆದ್ದರಿಂದ ಮೊದಲು ಬೇರೆಡೆ ಕಾಪಿ ಇಟ್ಟುಕೊಳ್ಳಿ.

ಕೊನೆಯದಾಗಿ, 'ಬ್ಯಾಕಪ್ ಮುಗಿಯಿತು' ಎಂಬ ಸಂದೇಶ ಕಂಡಾಕ್ಷಣ ನಿಶ್ಚಿಂತರಾಗಬೇಡಿ. ಅದರಿಂದ ಒಂದೆರಡು ಫೋಟೋ, ಒಂದು ಹಾಡು ವಾಪಸ್ ತೆಗೆದು ತೆರೆದು ನೋಡಿ. ತೆರೆದುಕೊಂಡರೆ ಮಾತ್ರ ಅದು ಬ್ಯಾಕಪ್. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಗುವುದು ಬೇಡ. ಈ ಭಾನುವಾರವೇ ಒಮ್ಮೆ ಪರೀಕ್ಷಿಸುತ್ತೀರಲ್ಲ?