ಯಾವ ಗಳೆಯ ಮತ್ತರು?

ಲಕ್ಷ್ಮೇಶ್ವರ, ಡಂಬಳ, ಲಕ್ಕುಂಡಿಗಳ ಈ ಸೀಮೆ ಶಾಸನಗಳ ಸೀಮೆ. ನಮ್ಮ ಹಳೆಯ ದಾನಶಾಸನಗಳಲ್ಲಿ ದೇವರಿಗೆ ಬಿಟ್ಟ ಹೊಲ ಇಷ್ಟು ಮತ್ತರು ಎಂದು ಹೇಳುವುದರ ಜೊತೆಗೆ, ಅದನ್ನು ಯಾವ ಗಳೆಯಿಂದ ಅಳೆದರು ಎಂಬುದನ್ನೂ ಹಲವು ಕಡೆ ಕೆತ್ತಿದ್ದಾರೆ. ಮತ್ತರು ಎಂದರೆ ಹೊಲದ ಅಳತೆ, ಗಳೆ ಎಂದರೆ ಅಳತೆಕೋಲು. ಗಳೆಯ ಉದ್ದ ಎಲ್ಲ ಕಡೆ ಒಂದೇ ಇರುತ್ತಿರಲಿಲ್ಲ. ಗಳೆಯ ಹೆಸರಿಲ್ಲದಿದ್ದರೆ ಮತ್ತರಿನ ಲೆಕ್ಕ ಜಗಳಕ್ಕೆ ದಾರಿ.

ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರಿಗೂ ಈ ಎಚ್ಚರ ಬೇಕು. ಪ್ರೋಗ್ರಾಂನಲ್ಲಿ ಅಂಕಿ-ಅಕ್ಷರಗಳನ್ನು ಇಟ್ಟುಕೊಳ್ಳಲು ಹೆಸರು ಕೊಟ್ಟ ಜಾಗವೇ ವೇರಿಯಬಲ್. ‘ಸಿ’ಯಂಥ ಭಾಷೆಗಳಲ್ಲಿ ಅದರ ಟೈಪ್, ಅಂದರೆ ಜಾತಿ ಯಾವುದೆಂದು ಮೊದಲೇ ಹೇಳಬೇಕು. ಮುಂಡರಗಿಯ ಪೇಟೆಗೆ ಬಂದ ಶೇಂಗಾ ಚೀಲಗಳ ಎಣಿಕೆಗೆ ‘ಇಂಟ್’ ಸಾಕು, ಅದು ಪೂರ್ಣಾಂಕ. ತೂಕಕ್ಕೆ ದಶಾಂಶ ಬೇಕು, ಅದಕ್ಕೆ ‘ಡಬಲ್’.

ಇಷ್ಟು ಹೇಳಿದರೆ ಯಂತ್ರಕ್ಕೆ ತಿಳಿಯಿತು. ಆದರೆ ತೂಕ ಕಿಲೋದಲ್ಲಿದೆಯೋ ಕ್ವಿಂಟಲ್‌ನಲ್ಲಿದೆಯೋ, ಖಾಲಿ ಚೀಲದ ತೂಕ ಕಳೆದಿದೆಯೋ ಇಲ್ಲವೋ? ಅದನ್ನು ಮನುಷ್ಯರು ಮನುಷ್ಯರಿಗಾಗಿಯೇ ಬರೆದಿಡಬೇಕು.

ಹಾಗೆ ಬರೆದಿಡಲು ಒಂದು ಒಳ್ಳೆಯ ಸಾಧನ ಟೆಕ್ಸಿನ್ಫೋ. ಗ್ನೂ ಎಂಬ ಸ್ವತಂತ್ರ ತಂತ್ರಾಂಶ ಯೋಜನೆಯ ಕೈಪಿಡಿಗಳಿಗಾಗಿ 1980ರ ದಶಕದಲ್ಲಿ ರಿಚರ್ಡ್ ಸ್ಟಾಲ್ಮನ್ ಇದನ್ನು ರೂಪಿಸಿದರು. ಇದರ ಆಜ್ಞೆಗಳು ‘@’ ಚಿಹ್ನೆಯಿಂದ ಶುರುವಾಗುತ್ತವೆ. ಇಂಗ್ಲಿಷಿನಲ್ಲಿ ಬರೆಯುವ ಆಜ್ಞೆಗಳನ್ನು ಕನ್ನಡ ಅಕ್ಷರಗಳಲ್ಲಿ ಕೊಟ್ಟರೆ ಹೀಗಿರುತ್ತವೆ:

@ಡೆಫ್‌ಟೈಪ್‌ವಾರ್ ಡಬಲ್ ತೂಕ
ಒಂದು ಲಾಟಿನ ನಿವ್ವಳ ತೂಕ, ಕ್ವಿಂಟಲ್‌ಗಳಲ್ಲಿ. ಖಾಲಿ ಚೀಲದ ತೂಕ ಕಳೆದಿದೆ.
@ಎಂಡ್ ಡೆಫ್‌ಟೈಪ್‌ವಾರ್

ಮೊದಲ ಸಾಲಿನಲ್ಲಿ ಆಜ್ಞೆ, ಟೈಪ್, ಹೆಸರು, ನಡುವೆ ವಿವರಣೆ, ಕೊನೆಯ ಸಾಲು ಮುಕ್ತಾಯ. ಟೈಪ್‌ನಲ್ಲಿ ಎರಡು ಪದಗಳಿದ್ದರೆ ಅವುಗಳಿಗೆ ಪುಷ್ಪಾವರಣ ಹಾಕಬೇಕು, ಇಲ್ಲವಾದರೆ ಎರಡನೆಯ ಪದವೇ ಹೆಸರಾಗಿಬಿಡುತ್ತದೆ. ಇದೇ ಕಡತದಿಂದ ಜಾಲಪುಟವನ್ನೂ ಅಚ್ಚಿನ ಪುಸ್ತಕವನ್ನೂ ಪಡೆಯಬಹುದು. ವೇರಿಯಬಲ್‌ಗಳ ಅಕಾರಾದಿಗೆ ‘ತೂಕ’ ತಾನಾಗಿ ಸೇರುತ್ತದೆ.

ನಡುವಿನ ಆ ವಿವರಣೆಯ ಸಾಲೇ ನಮ್ಮ ಗಳೆ. ಗಳೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಇದೆ. 1999ರ ಸೆಪ್ಟೆಂಬರ್ 23ರಂದು ನಾಸಾದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ ಮಂಗಳನ ಬಳಿ ಕಳೆದುಹೋಯಿತು. ನೌಕೆಯ ಪುಟ್ಟ ಎಂಜಿನ್‌ಗಳ ತಳ್ಳುಬಲವನ್ನು ಭೂಮಿಯ ಮೇಲಿನ ಒಂದು ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಕೊಟ್ಟಿತ್ತು. ಪಥ ಎಣಿಸುವ ಕಡೆ ಅದನ್ನು ನ್ಯೂಟನ್ ಲೆಕ್ಕವೆಂದೇ ಹಿಡಿದರು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಎರಡೂ ಕಡೆ ಇದ್ದದ್ದು ಸಂಖ್ಯೆಯೇ, ಕೋಲು ಮಾತ್ರ ಬೇರೆ. ಅಳತೆ ಯಾವುದೆಂದು ಬರೆದಿಟ್ಟರಷ್ಟೇ ಸಾಲದು, ಅದನ್ನು ಎರಡೂ ಕಡೆಯವರು ಓದಿ ಪಾಲಿಸಲೂ ಬೇಕು.

ಗದಗ-ಬೆಟಗೇರಿಯಲ್ಲಿ, ಶಿರಹಟ್ಟಿಯಲ್ಲಿ ಪ್ರೋಗ್ರಾಂ ಕಲಿಯುತ್ತಿರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ವೇರಿಯಬಲ್‌ಗೆ ಹೆಸರಿಟ್ಟ ದಿನವೇ ಅದರ ಗಳೆಯನ್ನೂ ಬರೆದಿಡಿ. ಹೊಲ ಅಳೆದವರು ಹೋಗಿ ಶತಮಾನಗಳಾದವು. ಯಾವ ಕೋಲಿನಿಂದ ಅಳೆದರೆಂದು ಕಲ್ಲು ಇಂದಿಗೂ ಹೇಳುತ್ತದೆ.