ಮನೆಯ ಗಣಕಯಂತ್ರಕ್ಕೆ ತಕ್ಕ ಕಾವಲು

‘ವೈರಸ್’ ಎಂಬ ಲ್ಯಾಟಿನ್ ಶಬ್ದಕ್ಕೂ ಸಂಸ್ಕೃತದ ‘ವಿಷ’ ಶಬ್ದಕ್ಕೂ ಮೂಲವೊಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಗಣಕಯಂತ್ರವನ್ನು ಕೆಡಿಸುವ ದುಷ್ಟ ತಂತ್ರಾಂಶಕ್ಕೆ ಈ ಹೆಸರು ಅನ್ವರ್ಥಕವಾಗಿದೆ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ರಚಿಸಿದ ‘ಬ್ರೇನ್’ ಎಂಬ ವೈರಸ್ಸು ಫ್ಲಾಪಿಗಳ ಮೂಲಕ ದೇಶದೇಶಗಳಿಗೆ ಹಬ್ಬಿತು. ಅಂದಿನ ಫ್ಲಾಪಿಯ ಕೆಲಸವನ್ನು ಇಂದು ಪೆನ್ ಡ್ರೈವ್, ಇ-ಮೇಲ್ ಹಾಗೂ ಅಂತರ್ಜಾಲಗಳು ಮಾಡುತ್ತಿವೆ.

ಸ್ವಾನುಭವವೊಂದನ್ನು ಇಲ್ಲಿ ನಿವೇದಿಸುವುದು ಅಪ್ರಸ್ತುತವಾಗಲಾರದು. ಕೆಲವು ವರ್ಷಗಳ ಹಿಂದೆ ವ್ಯಾಕರಣ ಪಾಠದ ಟಿಪ್ಪಣಿಗಳನ್ನು ಮುದ್ರಿಸಿಕೊಳ್ಳಲು ಪೆನ್ ಡ್ರೈವನ್ನು ಅಂಗಡಿಯೊಂದಕ್ಕೆ ಒಯ್ದಿದ್ದೆನು. ಪಡೀಲಿನ ಮನೆಗೆ ಮರಳಿ ತೆರೆದು ನೋಡಲಾಗಿ ಕಡತಗಳು ಕಾಣಲಿಲ್ಲ. ಅವುಗಳ ಹೆಸರು ಹೊತ್ತ ಶಾರ್ಟ್‌ಕಟ್‌ಗಳು ಮಾತ್ರ ಇದ್ದವು. ಗಾಬರಿಗೊಂಡು ಎಲ್ಲವನ್ನೂ ಅಳಿಸಿ ಫಾರ್ಮ್ಯಾಟ್ ಮಾಡಿಬಿಟ್ಟೆನು. ಹಳೆಯ ವಿದ್ಯಾರ್ಥಿಯೊಬ್ಬರು ವಿಷಯ ತಿಳಿದು, “ಸಾರ್, ಕಡತಗಳು ಹೋಗಿರಲಿಲ್ಲ, ಅಡಗಿದ್ದವಷ್ಟೆ” ಎಂದಾಗ ಕಾಲ ಮಿಂಚಿತ್ತು. ಬೇರೆ ಪ್ರತಿಯಿಲ್ಲದ ಅನೇಕ ವರ್ಷಗಳ ಶ್ರಮ ನನ್ನ ಕೈಯಿಂದಲೇ ನಾಶವಾಯಿತು. ಆ ಪಶ್ಚಾತ್ತಾಪವೇ ಈ ಲೇಖನಕ್ಕೆ ಪ್ರೇರಣೆ.

ವೈರಸ್ ನಿರೋಧಕ ತಂತ್ರಾಂಶವು ಮುಖ್ಯವಾಗಿ ಎರಡು ಬಗೆಯಲ್ಲಿ ಕಾವಲು ಕಾಯುತ್ತದೆ. ಪರಿಚಿತ ವೈರಸ್ಸುಗಳ ಗುರುತುಗಳ ಪಟ್ಟಿಯೊಡನೆ ಪ್ರತಿಯೊಂದು ಕಡತವನ್ನೂ ಹೋಲಿಸಿ ನೋಡುವುದು ಒಂದು. ಕಡತದ ನಡತೆಯನ್ನು ಗಮನಿಸಿ ಅನುಮಾನಿಸುವುದು ಇನ್ನೊಂದು. ಹೊಸ ವೈರಸ್ಸುಗಳು ನಿತ್ಯವೂ ಹುಟ್ಟುವುದರಿಂದ ಪಟ್ಟಿಯೂ ನಿತ್ಯ ನವೀಕರಣಗೊಳ್ಳಬೇಕು. ನವೀಕರಣ ನಿಂತ ತಂತ್ರಾಂಶವು ನಿದ್ರಿಸುವ ಕಾವಲುಗಾರನಿಗೆ ಸಮಾನ.

ಹಾಗಾದರೆ ಯಾವುದನ್ನು ಆರಿಸಬೇಕು? ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ನಿರೋಧಕವು ಪ್ರತ್ಯೇಕ ಬೆಲೆಯಿಲ್ಲದೆ ಅಂತರ್ಗತವಾಗಿದೆ. ಪತ್ರ ಬರೆಯುವ, ಅಂಕಪಟ್ಟಿ ಸಿದ್ಧಪಡಿಸುವ ಸಾಮಾನ್ಯ ಗೃಹಸ್ಥನಿಗೆ ಅದು ಬಹುಮಟ್ಟಿಗೆ ಸಾಕು. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಶಾಲೆಗಳಿಗೆ ಹಳೆಯ ಯಂತ್ರಗಳನ್ನು ದಾನ ಮಾಡುವ ಮಹನೀಯರು ಇದನ್ನು ಗಮನಿಸಬೇಕು. ಗೋಡೆ ಬಿರುಕುಬಿಟ್ಟ ಮನೆಗೆ ಬಾಗಿಲ ಬೀಗವೊಂದೇ ರಕ್ಷೆಯಾಗದು.

ಹಣ ತೆತ್ತು ಕೊಳ್ಳುವವರಿಗೆ ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7 ಮೊದಲಾದ ಸ್ವದೇಶಿ ತಂತ್ರಾಂಶಗಳೂ ಇವೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯದ ಎವಿ-ಕಂಪ್ಯಾರೆಟಿವ್ಸ್ ಎಂಬ ಸಂಸ್ಥೆಗಳು ಇಂತಹ ತಂತ್ರಾಂಶಗಳನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸುತ್ತವೆ. ಜಾಹೀರಾತಿಗಿಂತ ಅವುಗಳನ್ನು ನೋಡುವುದು ಲೇಸು. ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಬೇಕು: ಎರಡನೆಯ ವರ್ಷದ ಬೆಲೆಯೆಷ್ಟು? ಎಷ್ಟು ಯಂತ್ರಗಳಿಗೆ ಅನುಮತಿಯಿದೆ? ನಮ್ಮ ಹಳೆಯ ಯಂತ್ರ ಇದರಿಂದ ನಿಧಾನವಾಗುವುದೇ? ಎರಡು ನಿರೋಧಕಗಳನ್ನು ಏಕಕಾಲಕ್ಕೆ ಕಾವಲಿಗಿಡಬಾರದು. ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬರುತ್ತದೆ. ಕದ್ದ ಪ್ರತಿಯ ತಂತ್ರಾಂಶವಂತೂ ಸರ್ವಥಾ ತ್ಯಾಜ್ಯ; ಅನೇಕ ವೇಳೆ ವೈರಸ್ಸು ಅದರಲ್ಲಿಯೇ ಅಡಗಿರುತ್ತದೆ.

ಸೋಂಕು ತಗಲಿದವರಿಗೆ ನೆರವಾಗಲು ಭಾರತ ಸರ್ಕಾರವು 2017ರಲ್ಲಿ ಸೈಬರ್ ಸ್ವಚ್ಛತಾ ಕೇಂದ್ರವನ್ನು ಆರಂಭಿಸಿ, ಶುದ್ಧೀಕರಣ ಸಾಧನಗಳನ್ನು ಉಚಿತವಾಗಿ ಒದಗಿಸಿದೆ. ಆದರೆ ತಾನಾಗಿಯೇ ಒಟಿಪಿ ಹೇಳುವವನನ್ನು ಯಾವ ನಿರೋಧಕವೂ ಕಾಯಲಾರದು. ಹಾಗೆ ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆಮಾಡಬೇಕು.

ಕೊನೆಯದಾಗಿ, ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದು, ಅದನ್ನು ಯಂತ್ರದಿಂದ ಬೇರ್ಪಡಿಸಿ ಇಡತಕ್ಕದ್ದು. ತಾಳೆಗರಿ ಜೀರ್ಣವಾಗುವ ಮುನ್ನವೇ ಪ್ರತಿ ಎತ್ತಿದ ಲಿಪಿಕಾರರಿಂದಲ್ಲವೇ ನಮ್ಮ ಪ್ರಾಚೀನ ಸಾಹಿತ್ಯ ಉಳಿದುಬಂದದ್ದು? ನಾನು ಆ ಪಾಠವನ್ನು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೆನು, ಮನೆಯಲ್ಲಿ ಪಾಲಿಸಲಿಲ್ಲ. ಅಧ್ಯಾಪಕ ಮಿತ್ರರು ಇಂದೇ ತಮ್ಮ ಕಡತಗಳಿಗೆ ಪ್ರತಿ ತೆಗೆದಿಟ್ಟರೆ ನನ್ನ ನಷ್ಟವೂ ಸ್ವಲ್ಪ ಸಾರ್ಥಕವಾದೀತು.